ಗಾಡಿ ಕೈಕೊಟ್ಟಾಗ ಕೈ ಹಾಕುವವರು: ಘಾಟಿಯಲ್ಲೂ ನೆರೆಮನೆಯಲ್ಲೂ ಸಹಾಯ ಕೇಳುವ, ಮಾಡುವ ಕ್ರಮ

ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳು. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯ ಕಡೆ ಬರುತ್ತಿದ್ದಾಗ ನನ್ನ ಕಾರಿನ ಹಿಂದಿನ ಚಕ್ರ ಪಂಚರ್ ಆಯಿತು. ಮಳೆ ಬಿಡದೆ ಹೊಯ್ಯುತ್ತಿತ್ತು. ಹತ್ತು ನಿಮಿಷದೊಳಗೆ, ಸರಕು ಇಳಿಸಿ ಖಾಲಿ ಬರುತ್ತಿದ್ದ ಪಿಕಪ್ ಒಂದು ಪಕ್ಕದಲ್ಲಿ ನಿಂತಿತು. ಚಾಲಕ ಗಾಜು ಇಳಿಸಿ, "ಜಾಕ್ ಇದೆಯಾ ಅಣ್ಣಾ? ಇಳಿಯಲಾ?" ಎಂದು ಕೇಳಿದ. "ಏನೂ ಬೇಡ, ನಾನೇ ನೋಡಿಕೊಳ್ಳುತ್ತೇನೆ, ನೀವು ಹೊರಡಿ" ಎಂದೆ. ಅವನು ಹೊರಟ. ಜಾಕ್ ಏರಿಸುತ್ತಿದ್ದಂತೆ ನೆನೆದ ಮಣ್ಣಿನಲ್ಲಿ ಅದರ ಬುಡ ಹೂತುಹೋಯಿತು. ಕೆಳಗೆ ಕೊಡಲು ಒಂದು ಹಲಗೆ ತುಂಡು ಇದ್ದಿದ್ದರೆ ಸಾಕಿತ್ತು. ಅಂಥ ಹಲಗೆಗಳು ಆ ಪಿಕಪ್‌ನ ಹಿಂಬದಿಯಲ್ಲಿ ಕಣ್ಣಿಗೆ ಕಾಣುವಂತೆ ಬಿದ್ದಿದ್ದವು. ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನ್ನ ತಾಯಿ ಎರಡೂವರೆ ಗಂಟೆ ಆ ತಿರುವಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಕೊನೆಗೆ ಬಂದ ಲಾರಿಯ ಕ್ಲೀನರ್ ಏನನ್ನೂ ಕೇಳಲಿಲ್ಲ, ಹಲಗೆ ಹಿಡಿದುಕೊಂಡೇ ಇಳಿದ.

"ಬೇಡ ಎನ್ನುವ ಮೊದಲು ಏನು ಬೇಕು ಎಂದು ನೋಡಿಕೊಳ್ಳಬೇಕಿತ್ತು" ಎಂದರು ತಾಯಿ. ಸಹಾಯ ಮಾಡಬೇಕೆಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿದ್ದಾರೆ. ಪಡೆಯುವುದು ಹೇಗೆಂದು ಹೇಳಿಕೊಟ್ಟವರು ಕಡಿಮೆ. ನಮ್ಮ ಕಡೆಯ ಹಳೆಯ ಬೇಸಾಯದಲ್ಲಿ ಇದಕ್ಕೆ ಒಂದು ಕಟ್ಟು ಇತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು ಬಂದರೆ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯವರು. ಅದಕ್ಕೆ ಮುಯ್ಯಾಳು ಎಂದು ಹೆಸರು. ಮುಯ್ಯಾಳಿಗೆ ಕರೆಯುವವನು ಎಷ್ಟು ಜನ ಬೇಕು, ಯಾವ ಗದ್ದೆ, ಎಷ್ಟು ಹೊತ್ತಿಗೆ, ಊಟ ಎಲ್ಲಿ ಎಂದು ಬಾಯಿ ಬಿಟ್ಟು ಹೇಳುತ್ತಿದ್ದ. ಬರುವವನು ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಅಷ್ಟೇ ನೇರವಾಗಿ ಹೇಳುತ್ತಿದ್ದ. ಕೇಳಿದವನು ಸಣ್ಣವನಾಗುತ್ತಿರಲಿಲ್ಲ. ರಸ್ತೆಯಲ್ಲಿ ಸಿಗುವ ಅಪರಿಚಿತರ ನಡುವೆಯೂ ಈ ನೇರ ಮಾತನ್ನು ಉಳಿಸಿಕೊಳ್ಳುವುದು ಹೇಗೆಂದು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ನಿಲ್ಲಿಸಿ ಕೇಳುವ ಮನಸ್ಸು ಎಷ್ಟೋ ಜನರಿಗಿರುತ್ತದೆ, ಕೈಯಲ್ಲಿ ಸಾಮಾನು ಇರುವುದಿಲ್ಲ. ಹಾಗಾಗಿ ಕಾರಿನ ಡಿಕ್ಕಿಯಲ್ಲಿ ಇವು ಇರಲಿ: ಒಂದು ಅಡಿ ಉದ್ದದ ದಪ್ಪ ಹಲಗೆ ತುಂಡು, ಚಕ್ರಕ್ಕೆ ಅಡ್ಡ ಇಡಲು ಎರಡು ಮರದ ಕಟ್ಟೆ, ಎಳೆಯುವ ಹಗ್ಗ ಅಥವಾ ಪಟ್ಟಿ, ಬ್ಯಾಟರಿಗೆ ಹಾಕುವ ಜಂಪರ್ ಕೇಬಲ್, ಟಾರ್ಚ್, ಪ್ರತಿಫಲಿಸುವ ಕೆಂಪು ತ್ರಿಕೋನ, ಒಂದು ಕಂಬಳಿ, ಎರಡು ಬಾಟಲಿ ನೀರು, ಒಂದು ಜೊತೆ ದಪ್ಪ ಕೈಗವಸು. ಮಳೆಗಾಲದಲ್ಲಿ ಒಂದು ಕತ್ತಿ. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ಜೀಪುಗಳಲ್ಲಿ ಕತ್ತಿ ಇಲ್ಲದಿರುವುದೇ ಅಪರೂಪ. ಕಾರು ಇಟ್ಟುಕೊಂಡವರಿಗೂ ಅದು ಬೇಕು.

ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ನಾನು ನಿಲ್ಲಿಸಿ ಕೇಳಿದ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಆಗ ಸಹಾಯಕ್ಕೆ ಬಂದವನಿಗೂ ದಾರಿ ಇಲ್ಲ.

ಎರಡನೆಯದು ಫೋನ್ ಸಂಖ್ಯೆಗಳು. 112 ಪೊಲೀಸರಿಗೆ, ತುರ್ತು ಸಹಾಯಕ್ಕೆ. 108 ಆಂಬುಲೆನ್ಸ್‌ಗೆ. 1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಶಿರಾಡಿಯ ಹೆದ್ದಾರಿ 75ಕ್ಕೂ ಚಾರ್ಮಾಡಿಯ ಹೆದ್ದಾರಿ 73ಕ್ಕೂ ಅದೇ ಸಂಖ್ಯೆ. ಇವನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್‌ನಲ್ಲಿ ಇಡಿ, ಜೊತೆಗೆ ಮನೆಯವರೊಬ್ಬರ ಸಂಖ್ಯೆಯನ್ನೂ. ಮೊಬೈಲ್ ಒದ್ದೆಯಾದರೆ ಅಥವಾ ಚಾರ್ಜ್ ಮುಗಿದರೆ ಬೇರೆಯವರ ಫೋನಿನಿಂದ ಮಾತನಾಡಲು ಆ ಚೀಟಿಯೇ ಗತಿ.

ಘಾಟಿ ಇಳಿಯುವ ಮೊದಲು ರಸ್ತೆ ತೆರೆದಿದೆಯೇ ಎಂದು ಮೇಲಿನ ಅಂಗಡಿಯವರನ್ನು ಕೇಳಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಂತವರಿಗೆ ಕೆಳಗಿನಿಂದ ಬಂದ ಚಾಲಕರ ಬಾಯಿಂದಲೇ ಸುದ್ದಿ ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು, 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯ ಬಳಿ ಮಣ್ಣು ರಸ್ತೆಗೆ ಬಂದದ್ದು ಈ ಭಾಗದವರಿಗೆ ಮರೆಯುವಂಥದ್ದಲ್ಲ. ನೀವು ಕೆಳಗಿನಿಂದ ಬಂದವರಾದರೆ ಯಾರೂ ಕೇಳದಿದ್ದರೂ ನೀವೇ ಹೇಳಿ: ಎಲ್ಲಿ ಮರ ಬಾಗಿದೆ, ಎಲ್ಲಿ ನೀರು ರಸ್ತೆಯ ಮೇಲೆ ಹರಿಯುತ್ತಿದೆ, ಎಲ್ಲಿ ಲಾರಿ ನಿಂತಿದೆ. ಅರ್ಧ ನಿಮಿಷದ ಮಾತು ಅದು.

ನಿಮ್ಮ ಗಾಡಿ ನಿಂತಾಗ

ಇಂಡಿಕೇಟರ್ ನಾಲ್ಕನ್ನೂ ಹಾಕಿ. ಆಗುವಷ್ಟು ಎಡಕ್ಕೆ ತನ್ನಿ, ಆದರೆ ನೆನೆದ ಮಣ್ಣಿನ ಅಂಚಿಗೆ ಚಕ್ರ ಇಳಿಸಬೇಡಿ. ಮಳೆಗಾಲದಲ್ಲಿ ಆ ಅಂಚು ಭಾರ ತಾಳುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಏರಿನಲ್ಲಿದ್ದರೆ ಮೊದಲ ಗೇರ್, ಇಳಿಜಾರಿನಲ್ಲಿದ್ದರೆ ಹಿಂಗೇರ್ ಹಾಕಿ, ಚಕ್ರಕ್ಕೆ ಕಟ್ಟೆ ಕೊಡಿ. ಒಳಗಿರುವವರನ್ನು ಇಳಿಸಿ ರಸ್ತೆಯಿಂದ ದೂರ, ಗಾಡಿಯ ಹಿಂದೆ ಅಲ್ಲದ ಜಾಗದಲ್ಲಿ ನಿಲ್ಲಿಸಿ. ಗುಡ್ಡ ಕಡಿದ ಗೋಡೆಯ ಕೆಳಗೆ ನಿಲ್ಲುವುದೂ ಬೇಡ, ಕಲ್ಲು ಉರುಳುತ್ತದೆ.

ತ್ರಿಕೋನವನ್ನು ಎಲ್ಲಿ ಇಡಬೇಕು ಎನ್ನುವುದೇ ಘಾಟಿಯಲ್ಲಿ ಮುಖ್ಯ. ನೇರ ರಸ್ತೆಯಲ್ಲಾದರೆ ಗಾಡಿಯಿಂದ ಐವತ್ತು ಅರವತ್ತು ಹೆಜ್ಜೆ ಹಿಂದೆ ಸಾಕು. ತಿರುವು ದಾಟಿ ನಿಂತಿದ್ದರೆ ತಿರುವಿಗಿಂತಲೂ ಆಚೆ, ಬರುವವನಿಗೆ ತಿರುಗುವ ಮೊದಲೇ ಕಾಣುವಂತೆ ಇಡಬೇಕು. ತ್ರಿಕೋನ ಇಲ್ಲದವರು ಸೊಪ್ಪು ಮುರಿದು ಹಾಕುತ್ತಾರೆ. ರಸ್ತೆಯಲ್ಲಿ ಹಸಿರು ಸೊಪ್ಪು ಕಂಡರೆ ಮುಂದೆ ಗಾಡಿ ನಿಂತಿದೆ ಎಂದು ನಮ್ಮ ಕಡೆಯ ಚಾಲಕರಿಗೆ ಗೊತ್ತು. ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ, ರಾತ್ರಿ ಅದು ಕಾಣುವುದೂ ಇಲ್ಲ. ಸೊಪ್ಪಿನ ಜೊತೆಗೆ ಒಬ್ಬರು ಟಾರ್ಚ್ ಹಿಡಿದು ರಸ್ತೆಯ ಅಂಚಿನಲ್ಲಿ ನಿಲ್ಲಬೇಕು.

ಇನ್ನು ಕೇಳುವ ಕ್ರಮ. ಬರುವ ಗಾಡಿಗೆ ಅಡ್ಡ ಬರಬೇಡಿ. ಇಳಿಜಾರಿನಲ್ಲಿ ಬರುವ ಲಾರಿಗೆ ತಟ್ಟನೆ ನಿಲ್ಲಲು ಆಗುವುದಿಲ್ಲ. ಏರು ಹತ್ತುವ ಗಾಡಿಯನ್ನೂ ಕಡಿದಾದ ತಿರುವಿನಲ್ಲಿ ನಿಲ್ಲಿಸಬೇಡಿ. ಕೈ ಮೇಲಕ್ಕೆತ್ತಿ ನಿಧಾನವಾಗಿ ಬೀಸಿ. ನಿಂತವರಿಗೆ ಮೊದಲ ಮಾತಿನಲ್ಲೇ ಬೇಕಾದುದನ್ನು ಹೇಳಿ: "ಅಣ್ಣಾ, ಪಂಚರ್ ಆಗಿದೆ, ಸ್ಟೆಪ್ನಿ ಇದೆ, ಜಾಕ್ ಕೆಳಗೆ ಕೊಡಲು ಹಲಗೆ ಇಲ್ಲ. ಒಂದು ಕೈ ಹಾಕುತ್ತೀರಾ?" ಇಷ್ಟು ಕೇಳಿದವನಿಗೆ ಇದು ಹದಿನೈದು ನಿಮಿಷದ ಕೆಲಸ ಎಂದು ತಿಳಿಯುತ್ತದೆ, ಅವನು ಇಳಿಯುತ್ತಾನೆ. "ಗಾಡಿ ಹಾಳಾಗಿದೆ, ಏನಾದರೂ ಮಾಡಿ" ಎಂದರೆ ಎಷ್ಟು ಹೊತ್ತು ಸಿಕ್ಕಿಹಾಕಿಕೊಳ್ಳಬೇಕೋ ಎಂದು ಹಿಂಜರಿಯುತ್ತಾನೆ. ತಪ್ಪು ಅವನದಲ್ಲ.

ಏನು ಬೇಕೆಂದೇ ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ, ಆದರೆ ಸಣ್ಣದೊಂದು ಕೆಲಸ ಕೊಡಿ. "ಸಿಗ್ನಲ್ ಸಿಗುವ ಕಡೆ ಹೋದ ಮೇಲೆ ಈ ಸಂಖ್ಯೆಗೆ ಒಂದು ಫೋನ್ ಮಾಡಿ, ನಾವು ಇಂಥ ಕಡೆ ಇದ್ದೇವೆ ಎಂದು ತಿಳಿಸಿ" ಎಂದು ಕೇಳಿದರೆ ಇಲ್ಲ ಎನ್ನುವವರು ಬಹಳ ವಿರಳ. ಜಾಗ ಹೇಳುವಾಗ ಕಿಲೋಮೀಟರ್ ಕಲ್ಲು, ಅಣ್ಣಪ್ಪಸ್ವಾಮಿಯ ಗುಡಿ, ಸೇತುವೆ, ಜಲಪಾತ, ಇಂಥ ಗುರುತು ಹೇಳಿ. "ಮೂರನೆಯ ತಿರುವು" ಎಂದರೆ ಯಾವ ಕಡೆಯಿಂದ ಮೂರನೆಯದು ಎಂಬ ಗೊಂದಲ ಹುಟ್ಟುತ್ತದೆ.

ಬೇಡವಾದ ಸಹಾಯವನ್ನು ನಿರಾಕರಿಸುವುದೂ ಪಡೆಯುವವರ ಹಕ್ಕು. ಬಂದವನು ಎಂಜಿನ್ ಬಿಚ್ಚಲು ಹೊರಟರೆ, "ನಮ್ಮ ಮೆಕ್ಯಾನಿಕ್ ಬರುತ್ತಿದ್ದಾರೆ, ಅದನ್ನು ಮುಟ್ಟುವುದು ಬೇಡ, ನೀವು ಹಿಂದೆ ಟಾರ್ಚ್ ಹಿಡಿದರೆ ಸಾಕು" ಎನ್ನಿ. ಬಂದವನಿಗೆ ಬೇರೆ ಕೆಲಸ ಕೊಟ್ಟರೆ ಅವನಿಗೂ ಬೇಸರವಿಲ್ಲ. ನಾನು ಆ ಪಿಕಪ್ ಚಾಲಕನಿಗೆ ಬೇಡ ಎಂದದ್ದು ಹೀಗೆ ಯೋಚಿಸಿ ಅಲ್ಲ, ಹಂಗಿಗೆ ಬೀಳಬಾರದೆಂಬ ಹಟದಿಂದ. ಹಟಕ್ಕೂ ಹಕ್ಕಿಗೂ ಇರುವ ಅಂತರವನ್ನು ಆ ರಾತ್ರಿ ನನ್ನ ತಾಯಿಯ ಕೆಮ್ಮು ನನಗೆ ತಿಳಿಸಿತು.

ಒಂಟಿಯಾಗಿ ಪ್ರಯಾಣಿಸುವ ಹೆಣ್ಣುಮಕ್ಕಳು ಅಪರಿಚಿತರನ್ನು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ಗಾಡಿ ನಿಂತಿರುವ ಜಾಗ ಸುರಕ್ಷಿತವಾಗಿದ್ದರೆ ಬಾಗಿಲು ಹಾಕಿಕೊಂಡು ಒಳಗೇ ಇರಿ, ಗಾಜನ್ನು ಎರಡು ಬೆರಳಷ್ಟು ಇಳಿಸಿ ಮಾತನಾಡಿ, 112ಕ್ಕೆ ಕರೆ ಮಾಡಿ, ಬಂದ ಗಾಡಿಯ ಸಂಖ್ಯೆಯನ್ನು ಮನೆಯವರಿಗೆ ಕಳುಹಿಸಿ. ಹಾಗೆ ಮಾಡುವುದು ಬಂದವರಿಗೆ ಅವಮಾನವಲ್ಲ. ಸಹಾಯಕ್ಕೆ ನಿಲ್ಲುವ ಗಂಡಸರು ಇದನ್ನು ಅರ್ಥ ಮಾಡಿಕೊಳ್ಳಬೇಕು: ನಿಮ್ಮ ಗಾಡಿಯ ನಂಬರ್ ಪ್ಲೇಟ್ ಅವರಿಗೆ ಕಾಣುವಂತೆ ಮುಂದೆ ನಿಲ್ಲಿಸಿ, ನಾಲ್ಕು ಹೆಜ್ಜೆ ದೂರ ನಿಂತು ಹೆಸರು, ಊರು ಹೇಳಿ, ಜೊತೆಯಲ್ಲಿ ಮನೆಯ ಹೆಂಗಸರಿದ್ದರೆ ಮೊದಲು ಅವರೇ ಮಾತನಾಡಲಿ. "ಬೇಡ" ಎಂದರೆ ಒತ್ತಾಯ ಮಾಡಬೇಡಿ. "ಸರಿ ಅಕ್ಕಾ, ಮುಂದಿನ ಅಂಗಡಿಯಲ್ಲಿ ತಿಳಿಸುತ್ತೇನೆ" ಎಂದು ಹೊರಟು, ನಿಜವಾಗಿಯೂ ತಿಳಿಸಿ.

ನೀವು ನಿಲ್ಲಿಸುವವರಾದರೆ

1. ನಿಮ್ಮ ಗಾಡಿಯನ್ನು ಮೊದಲು ಸರಿಯಾದ ಜಾಗದಲ್ಲಿ ನಿಲ್ಲಿಸಿ. ತಿರುವಿನಲ್ಲಿ ಎರಡು ಗಾಡಿ ನಿಂತರೆ ಅಪಾಯ ಎರಡರಷ್ಟು. ಅಗಲವಾದ ಜಾಗ ಇನ್ನೂರು ಹೆಜ್ಜೆ ಮುಂದಿದ್ದರೆ ಅಲ್ಲಿಯೇ ನಿಲ್ಲಿಸಿ ನಡೆದು ಬನ್ನಿ.

2. ಮುಟ್ಟುವ ಮೊದಲು ಕೇಳಿ. "ಏನಾಗಿದೆ? ಯಾರಾದರೂ ಬರುತ್ತಿದ್ದಾರಾ? ನಾನು ಏನು ಮಾಡಲಿ?" ಈ ಮೂರು ಪ್ರಶ್ನೆ ಸಾಕು.

3. ನಿಮಗೆ ಎಷ್ಟು ಹೊತ್ತು ಇದೆ ಎಂದು ಹೇಳಿಬಿಡಿ. "ಅರ್ಧ ಗಂಟೆ ಇರುತ್ತೇನೆ, ಆಮೇಲೆ ಹಾಸನ ತಲುಪಬೇಕು" ಎಂದರೆ ಅವರೂ ಅದಕ್ಕೆ ತಕ್ಕಂತೆ ಬೇರೆ ಏರ್ಪಾಡು ನೋಡಿಕೊಳ್ಳುತ್ತಾರೆ.

4. ಹೊರಡುವಾಗ ಬೇರೆ ಯಾರಿಗಾದರೂ ಒಪ್ಪಿಸಿ ಹೊರಡಿ, ಇಲ್ಲವೇ ಮುಂದೆ ಯಾರಿಗೆ ತಿಳಿಸುತ್ತೀರಿ ಎಂದು ಹೇಳಿ. ಸದ್ದಿಲ್ಲದೆ ಹೋಗಿಬಿಡುವುದು ಸರಿಯಲ್ಲ.

ರಾತ್ರಿ ಅಪರಿಚಿತ ಜಾಗದಲ್ಲಿ ಇಳಿಯಲು ಹೆದರಿಕೆಯಾದರೆ ಇಳಿಯಬೇಡಿ. ಸಂಸಾರ ಜೊತೆಗಿರುವಾಗ ಆ ಹೆದರಿಕೆ ಸಹಜ. ನಿಧಾನಿಸಿ, ಜಾಗ ಗುರುತು ಹಾಕಿಕೊಂಡು, ಸಿಗ್ನಲ್ ಬಂದ ಕೂಡಲೇ 112ಕ್ಕೆ ಹೇಳಿ. ಅದೂ ಸಹಾಯವೇ.

ಚಕ್ರ ಬದಲಿಸುವಾಗ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಕೂರಿಸುವಾಗ ಒಂದರ ಪಕ್ಕದ್ದನ್ನು ಬಿಗಿಯದೆ ಎದುರುಬದುರಿನವನ್ನು ಬಿಗಿಯುತ್ತಾ ಬನ್ನಿ. ಜಾಕ್ ಮೇಲಿರುವ ಗಾಡಿಯ ಕೆಳಗೆ ಕೈ, ಕಾಲು, ತಲೆ ಯಾವುದನ್ನೂ ಹಾಕಬೇಡಿ.

ಬ್ಯಾಟರಿ ಇಳಿದು ನಿಂತ ಕಾರಿಗೆ ನಿಮ್ಮ ಬ್ಯಾಟರಿಯಿಂದ ಕೇಬಲ್ ಕೊಡುವಾಗ ಈ ಕ್ರಮ ತಪ್ಪಬೇಡಿ. ಕೆಂಪು ಕೇಬಲ್‌ನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಇಳಿದ ಬ್ಯಾಟರಿಗೆ ಕೊಡದೆ, ಆ ಕಾರಿನ ಎಂಜಿನ್‌ನಲ್ಲಿ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ ಸಿಕ್ಕಿಸಿ. ಬ್ಯಾಟರಿಯ ಬಳಿ ಕಿಡಿ ಹಾರಬಾರದೆಂದು ಹೀಗೆ. ಚಾಲೂ ಆದ ಮೇಲೆ ಹಾಕಿದ ಕ್ರಮಕ್ಕೆ ತಿರುಗುಮುರುಗಾಗಿ ತೆಗೆಯಿರಿ. ನಮ್ಮ ರಸ್ತೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಸಹಾಯಕ್ಕೆ ನಿಲ್ಲುವುದು ಹೆಚ್ಚಾಗಿ ಲಾರಿಗಳು, ದೊಡ್ಡ ಲಾರಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟ್‌ನದು, ಕಾರಿನದು 12. ಲಾರಿಯಿಂದ ಕಾರಿಗೆ ಕೇಬಲ್ ಕೊಡಬೇಡಿ, ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುತ್ತವೆ.

ಎಳೆದುಕೊಂಡು ಹೋಗುವುದು ಸಮತಟ್ಟಿನಲ್ಲಿ ಮಾತ್ರ. ಎಂಜಿನ್ ನಿಂತ ಕಾರಿನ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಹಗ್ಗ ಕಟ್ಟಿ ಎಳೆಯುವುದೆಂದರೆ ಹಿಂದಿನ ಕಾರು ಮುಂದಿನದಕ್ಕೆ ಗುದ್ದುವುದನ್ನು ಕಾಯುವುದು. ಆಟೋಮ್ಯಾಟಿಕ್ ಗೇರಿನ ಕಾರುಗಳನ್ನು ಎಳೆದರೆ ಗೇರ್‌ಬಾಕ್ಸ್ ಕೆಡುತ್ತದೆ. ಎತ್ತಿ ಒಯ್ಯುವ ಗಾಡಿಯೇ ಬರಲಿ. ರೇಡಿಯೇಟರ್ ಕುದಿಯುತ್ತಿದ್ದರೆ ಮುಚ್ಚಳಕ್ಕೆ ಕೈ ಹಾಕದೆ ಅರ್ಧ ಗಂಟೆ ಕಾಯಿರಿ. ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿದ್ದ ಗಾಡಿ ಕಂಡರೆ ಅವರನ್ನು ನಿಲ್ಲಿಸಿ ಹೇಳಿ: ತಣಿಯುವವರೆಗೆ ನಿಲ್ಲಬೇಕು, ಆಮೇಲೆ ಎರಡನೇ ಗೇರಿನಲ್ಲೇ ಇಳಿಯಬೇಕು. ಬಯಲುಸೀಮೆಯಿಂದ ಬಂದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಪೆಟ್ರೋಲ್ ಮುಗಿದು ನಿಂತವರಿಗೆ ಪೈಪಿನಲ್ಲಿ ಬಾಯಿಂದ ಎಳೆದು ಕೊಡುವ ಅಭ್ಯಾಸ ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಇಷ್ಟೆಲ್ಲ ಮಾಡಿದ ಮೇಲೆ ಕೊನೆಯ ಕೆಲಸವೊಂದಿದೆ, ನನಗೆ ಅದು ಎಲ್ಲಕ್ಕಿಂತ ಮುಖ್ಯ. ಚಕ್ರಕ್ಕೆ ಅಡ್ಡ ಇಟ್ಟ ಕಲ್ಲು, ರಸ್ತೆಗೆ ಹಾಕಿದ ಸೊಪ್ಪು, ಎಲ್ಲವನ್ನೂ ತೆಗೆದು ಬದಿಗೆ ಹಾಕಿಯೇ ಹೊರಡಿ. ಲಾರಿ ಸರಿಯಾಗಿ ಹೋಗಿರುತ್ತದೆ, ಕಲ್ಲು ರಸ್ತೆಯ ಮಧ್ಯದಲ್ಲೇ ಉಳಿದಿರುತ್ತದೆ. ರಾತ್ರಿ ಮಂಜಿನಲ್ಲಿ ಬೈಕಿನಲ್ಲಿ ಬರುವ ಹುಡುಗನಿಗೆ ಆ ಕಲ್ಲು ಕಾಣುವುದಿಲ್ಲ. ನಮ್ಮ ಊರಿನ ಒಂದು ಮನೆ ಇಂಥದೇ ಕಲ್ಲಿಗೆ ಮಗನನ್ನು ಕಳೆದುಕೊಂಡಿದೆ. ಅಂದಿನಿಂದ ರಸ್ತೆಯಲ್ಲಿ ಯಾರೋ ಬಿಟ್ಟ ಕಲ್ಲು ಕಂಡರೆ ಗಾಡಿ ನಿಲ್ಲಿಸಿ ಎತ್ತಿಹಾಕುತ್ತೇನೆ. ನೀವೂ ಹಾಗೆ ಮಾಡಿ ಎಂದು ಕೈ ಮುಗಿದು ಕೇಳುತ್ತೇನೆ.

ಅಪಘಾತವಾಗಿದ್ದರೆ

ಇಲ್ಲಿ ಜನ ಹಿಂಜರಿಯುವುದು ಪೊಲೀಸ್, ಕೋರ್ಟ್ ಎಂಬ ಹೆದರಿಕೆಯಿಂದ. ಆ ಹೆದರಿಕೆಗೆ ಈಗ ಕಾರಣವಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಗಾಯಾಳುವಿಗೆ ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ನೆರವಾದವರ ಕೈಯಲ್ಲಿ ಗಾಯಾಳುವಿಗೆ ಏನಾದರೂ ಹೆಚ್ಚುಕಡಿಮೆಯಾದರೂ ಅವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಆಸ್ಪತ್ರೆಯವರು ನಿಮ್ಮನ್ನು ತಡೆದು ನಿಲ್ಲಿಸುವಂತಿಲ್ಲ, ಹಣ ಕಟ್ಟಿ ಎನ್ನುವಂತಿಲ್ಲ. ಹೆಸರು, ಫೋನ್ ಸಂಖ್ಯೆ ಕೊಡುವುದು ನಿಮ್ಮ ಇಷ್ಟ. ಅಪಘಾತವನ್ನು ಕಣ್ಣಾರೆ ಕಂಡವರು ಮಾತ್ರ ವಿಳಾಸ ತಿಳಿಸಿ ಹೊರಡಬೇಕು. ಸಾಕ್ಷಿ ಹೇಳಲು ನೀವಾಗಿಯೇ ಒಪ್ಪಿದರೆ ಪೊಲೀಸರು ನಿಮ್ಮನ್ನು ವಿಚಾರಿಸಬೇಕಾದದ್ದು ಒಂದೇ ಸಲ.

ಸ್ಥಳದಲ್ಲಿ ಮಾಡಬೇಕಾದ ಕೆಲಸ. ಒಬ್ಬರು ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಲಿ, ಒಬ್ಬರು 108ಕ್ಕೆ ಕರೆ ಮಾಡಲಿ, ಒಬ್ಬರು ಗಾಯಾಳುವಿನ ಬಳಿ ಕೂರಲಿ. "ಯಾರಾದರೂ ಫೋನ್ ಮಾಡಿ" ಎಂದು ಗುಂಪಿಗೆ ಹೇಳಿದರೆ ಯಾರೂ ಮಾಡುವುದಿಲ್ಲ. "ನೀಲಿ ಅಂಗಿಯವರೇ, ನೀವು 108ಕ್ಕೆ ಮಾಡಿ" ಎಂದು ಕೈ ತೋರಿಸಿ ಹೇಳಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಮಡಿಸಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ, ಎತ್ತೆತ್ತಿ ನೋಡಬೇಡಿ. ಬೆಂಕಿಯ ಅಪಾಯ ಇಲ್ಲದಿದ್ದರೆ ಎಳೆದಾಡಬೇಡಿ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ತೆಗೆಯುವ ಅವಸರ ಬೇಡ. ನೀರು ಕುಡಿಸಬೇಡಿ. ನಮ್ಮಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ, ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅರೆಪ್ರಜ್ಞೆಯಲ್ಲಿರುವವರಿಗೆ ಆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಕಂಬಳಿ ಹೊದಿಸಿ. ಹೆಸರು ಕೇಳಿ, ಮಾತನಾಡಿಸುತ್ತಿರಿ.

ಅಪಘಾತದ ನಂತರದ ಮೊದಲ ಒಂದು ಗಂಟೆ ಜೀವ ಉಳಿಸುವ ಹೊತ್ತು. ಘಾಟಿಯಲ್ಲಿ ಆಂಬುಲೆನ್ಸ್ ಬರುವುದು ತಡವಾಗುತ್ತದೆ ಎಂದು ಕರೆಯಲ್ಲಿ ತಿಳಿದರೆ, ದಾರಿಯ ಅರ್ಧಕ್ಕೆ ಅವರು ಬರಲಿ, ಅರ್ಧಕ್ಕೆ ನೀವು ಒಯ್ಯಿರಿ ಎಂಬ ಏರ್ಪಾಡನ್ನು ಫೋನಿನಲ್ಲೇ ಮಾಡಿಕೊಳ್ಳಿ. ಹಲಗೆ ಅಥವಾ ಸೀಟಿನ ಮೇಲೆ ನೇರವಾಗಿ ಮಲಗಿಸಿ ಒಯ್ಯಬೇಕು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಹಣ ಕಟ್ಟದೆಯೇ ಸಿಗಬೇಕು. ಗಾಯಾಳುವಿನ ಮನೆಯವರಿಗೆ ಇದು ಗೊತ್ತಿರುವುದಿಲ್ಲ, ನೀವೇ ಹೇಳಿ.

ಆನೆ, ಮರ, ತಂತಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಆನೆಯ ಸುದ್ದಿ ಹಂಚುವುದೇ ದೊಡ್ಡ ನೆರವು. ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡಬೇಡಿ, ದೀಪ ತಗ್ಗಿಸಿ, ಹಿಂದೆ ಸರಿಯಲು ಜಾಗ ಉಳಿಸಿಕೊಳ್ಳಿ, ಇಳಿಯಬೇಡಿ. ಹಿಂದೆ ಬರುವ ಬೈಕಿನವರನ್ನು ತಡೆದು ನಿಮ್ಮ ಕಾರಿನ ಹಿಂಬದಿಗೆ ನಿಲ್ಲಿಸಿಕೊಳ್ಳಿ. ಅರಣ್ಯ ಇಲಾಖೆಯ ಎಚ್ಚರಿಕೆಯನ್ನು ಊರಿನ ಗುಂಪಿಗೆ ಕಳುಹಿಸುವಾಗ ಸಮಯ, ಜಾಗ ಎರಡೂ ಬರೆಯಿರಿ. ನಿನ್ನೆಯ ಸಂದೇಶವನ್ನು ಇಂದು ಕಳುಹಿಸಿದರೆ ನಾಳೆ ನಿಜವಾದದ್ದನ್ನೂ ಯಾರೂ ನಂಬುವುದಿಲ್ಲ.

ಮರ ಬಿದ್ದು ರಸ್ತೆ ಕಟ್ಟಿದಾಗ ಹತ್ತಾರು ಗಾಡಿಗಳಿಂದ ಜನ ಇಳಿದು ಕತ್ತಿ ಹಿಡಿಯುತ್ತಾರೆ. ಮಲೆನಾಡಿನ ಬಗ್ಗೆ ನನಗೆ ಹೆಮ್ಮೆ ಎನಿಸುವ ಗಳಿಗೆ ಅದು. ಆದರೆ ಮೊದಲ ಪೆಟ್ಟು ಹಾಕುವ ಮೊದಲು ಟಾರ್ಚ್ ಬಿಟ್ಟು ಕೊಂಬೆಗಳ ನಡುವೆ ತಂತಿ ಸಿಕ್ಕಿದೆಯೇ ನೋಡಿ. ತಂತಿ ಇದ್ದರೆ ಯಾರೂ ಹತ್ತಿರ ಹೋಗಬಾರದು, ನೀರು ನಿಂತ ಜಾಗಕ್ಕೂ ಕಾಲಿಡಬಾರದು. ಹಾಸನದಲ್ಲಿ ಚಾಮುಂಡೇಶ್ವರಿ ವಿದ್ಯುತ್ ನಿಗಮ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಎರಡಕ್ಕೂ 1912. ಕರೆಂಟ್ ಹೋಗಿದೆ, ಹಾಗಾಗಿ ತಂತಿ ಸತ್ತಿದೆ ಎಂದುಕೊಳ್ಳಬೇಡಿ. ಇಲಾಖೆಯವರು ಬಂದು ಸರಿ ಎನ್ನುವವರೆಗೆ ಕಾಯಬೇಕು.

ಬೇಲಿಯಾಚೆಯ ಮನೆ

ರಸ್ತೆಯ ಸಹಾಯ ಒಂದು ಗಂಟೆಯದು, ನೆರೆಮನೆಯದು ಇಡೀ ಬದುಕಿನದು. ಹಾಗಾಗಿ ಇಲ್ಲಿ ತಪ್ಪಿದರೆ ನೋವು ಹೆಚ್ಚು.

ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕವಿದರೆ, ಕರೆಯದೆಯೂ ಓಡಿಹೋಗಿ ರಾಶಿ ಮಾಡಿ ಟಾರ್ಪಾಲ್ ಮುಚ್ಚುವುದು ನಮ್ಮಲ್ಲಿ ಉಳಿದಿರುವ ಮುಯ್ಯಾಳು. ಅಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಉಳಿದ ಕಡೆ ಕೇಳಿ. ಒಂಟಿಯಾಗಿರುವ ಹಿರಿಯರ ಮನೆಗೆ ಮಳೆಗಾಲಕ್ಕೆ ಮೊದಲೇ ಹೋಗಿ, "ನಿಮಗೆ ಏನಾದರೂ ಬೇಕಾದರೆ ಹೇಳಿ" ಎಂದರೆ ಅವರು ಹೇಳುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿರುವ ತಾಯಂದಿರು ಯಾರ ಮುಂದೆಯೂ ಬೇಕು ಎನ್ನುವುದಿಲ್ಲ. "ಅಜ್ಜಿ, ಗುರುವಾರ ಸಂತೆಗೆ ಹೋಗುತ್ತಿದ್ದೇನೆ, ನಿಮ್ಮ ಬಿ.ಪಿ. ಮಾತ್ರೆಯ ಚೀಟಿ ಕೊಡಿ" ಎನ್ನಿ, ಚೀಟಿ ಕೈಗೆ ಬರುತ್ತದೆ. ಮೂರು ದಿನ ಕರೆಂಟ್ ಇಲ್ಲದಾಗ ಜನರೇಟರ್ ಇರುವ ಮನೆಯವರು ಸಂಜೆ ಆರರಿಂದ ಏಳು ಎಲ್ಲರೂ ಮೊಬೈಲ್ ಚಾರ್ಜ್ ಮಾಡಿಕೊಳ್ಳಬಹುದು ಎಂದು ಹೊತ್ತು ಹೇಳಿಬಿಡಲಿ. ಹೊತ್ತು ಗೊತ್ತಿದ್ದರೆ ಬರುವವರಿಗೆ ಸಂಕೋಚವಿಲ್ಲ, ಮನೆಯವರಿಗೆ ಕಿರಿಕಿರಿಯಿಲ್ಲ.

ಹಾವು ಕಚ್ಚಿದ ಸುದ್ದಿ ಬಂದರೆ ಗಾಡಿ ಇರುವ ಮನೆಯವರು ಕೂಡಲೇ ಹೊರಡಬೇಕು. ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಕ್ಕೆ ಅಲೆಯುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಪ್ರತಿವಿಷ ಇದೆಯೇ ಎಂದು ಜೊತೆಗಿರುವವರು ದಾರಿಯಲ್ಲೇ ಫೋನ್ ಮಾಡಿ ಕೇಳಲಿ.

ಎರವಲು ತಂದ ಗರಗಸ, ಏಣಿ, ಪಂಪ್‌ಸೆಟ್ ವಾಪಸ್ ಕೊಡುವಾಗ ತಂದದ್ದಕ್ಕಿಂತ ಚೊಕ್ಕಟವಾಗಿರಲಿ. ಮುರಿದಿದ್ದರೆ ಬಾಗಿಲಲ್ಲಿ ಇಟ್ಟು ಬರಬೇಡಿ, ಮುಖ ನೋಡಿ ಹೇಳಿ, ರಿಪೇರಿ ಮಾಡಿಸಿಕೊಡಿ.

ಇಲ್ಲಿ ಇನ್ನೊಂದು ಮಾತನ್ನು ನೇರವಾಗಿ ಬರೆಯಬೇಕು. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಕಾರ್ಮಿಕ ಮಧ್ಯರಾತ್ರಿ ಎದ್ದು ಬಂದು ನಮ್ಮ ದಾರಿಯ ಮರ ಕಡಿದರೆ, ಅದನ್ನು ನಾವು ಸಹಾಯ ಎಂದು ಎಣಿಸುವುದೇ ಇಲ್ಲ, ಅವನ ಕೆಲಸ ಎಂದುಕೊಳ್ಳುತ್ತೇವೆ. ಅವನ ಮಗುವಿಗೆ ಜ್ವರ ಬಂದ ರಾತ್ರಿ ನಮ್ಮ ಜೀಪು ಹೊರಟರೆ ಅದನ್ನು ವರ್ಷಗಟ್ಟಲೆ ಉಪಕಾರ ಎಂದು ನೆನಪಿಡುತ್ತೇವೆ. ಈ ಲೆಕ್ಕ ತಪ್ಪು. ಮುಯ್ಯಿಯ ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರೆಯಬೇಕಾದವು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರಿಗಂತೂ ಇಲ್ಲಿ ಬಂಧುಗಳಿಲ್ಲ, ಭಾಷೆ ಇಲ್ಲ. 108ಕ್ಕೆ ಕರೆ ಮಾಡಿದರೂ ಜಾಗ ಹೇಳಲು ಅವರಿಗೆ ಬರುವುದಿಲ್ಲ. ತೋಟದ ಹೆಸರು, ಹತ್ತಿರದ ಊರು, ಬರುವ ದಾರಿ ಕನ್ನಡದಲ್ಲಿ ಬರೆದ ಚೀಟಿಯನ್ನು ಅವರ ಗೋಡೆಗೆ ಇಂದೇ ಅಂಟಿಸಿಕೊಡಿ.

ಹಣದ ಮಾತು

ಸಹಾಯ ಮಾಡಿದವರಿಗೆ ದುಡ್ಡು ಕೊಡಬೇಕೇ? ನಾನು ಪಾಲಿಸುವ ಕ್ರಮ ಹೀಗಿದೆ. ಖರ್ಚಾದ ವಸ್ತುವಿನ ಬೆಲೆ ಕೊಡಲೇಬೇಕು: ಡೀಸೆಲ್, ಟ್ಯೂಬ್, ಹರಿದುಹೋದ ಹಗ್ಗ. "ಬೇಡ ಬಿಡಿ" ಎಂದರೂ ಹಗ್ಗವನ್ನಾದರೂ ಹೊಸದು ತಂದುಕೊಡಿ. ದಿನಗೂಲಿಯವನು ನಿಮಗಾಗಿ ಅರ್ಧ ದಿನ ಕಳೆದುಕೊಂಡಿದ್ದರೆ, "ನಿಮ್ಮ ಕೆಲಸದ ಹೊತ್ತು ಹೋಯಿತು, ಇದು ಅದಕ್ಕೆ" ಎಂದು ಹೇಳಿ ಪೂರ್ತಿ ಕೂಲಿ ಕೊಡಿ. ತನ್ನ ದಾರಿಯಲ್ಲಿ ಹೋಗುತ್ತಾ ನಿಂತವನಿಗೆ ನೋಟು ತುರುಕಬೇಡಿ. ಅವನ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಮುಂದಿನ ಅಂಗಡಿಯಲ್ಲಿ ಜೊತೆಗೆ ಕೂತು ಕಾಫಿ ಕುಡಿಯಿರಿ. ಮಹಾಶಿವರಾತ್ರಿಗೆ ಮೊದಲು ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಊಟ ಕೊಡುವ ಮನೆಗಳಿವೆ. ಅಲ್ಲಿ ಉಂಡವರು ಎಲೆ ಎತ್ತಿ, ಎರಡು ಕೊಡ ನೀರು ತುಂಬಿಟ್ಟು ಹೊರಡುವುದನ್ನು ಕಂಡಿದ್ದೇನೆ. ಅಷ್ಟರ ಮಟ್ಟಿನ ಮರುಕೆಲಸ ಯಾರಿಗೂ ಭಾರವಲ್ಲ.

ಸಹಾಯಕ್ಕೆ ಬಂದವರನ್ನು ಕಳುಹಿಸಿಕೊಡುವುದೂ ನಿಮ್ಮ ಕೆಲಸ. ಗಾಡಿ ಚಾಲೂ ಆದ ಮೇಲೆ ಅವರು ಹೋಗಲೋ ಬೇಡವೋ ಎಂದು ನಿಂತೇ ಇರುತ್ತಾರೆ. "ಇನ್ನು ನಮಗೆ ತೊಂದರೆ ಇಲ್ಲ, ನೀವು ಹೊರಡಿ" ಎಂದು ನೀವಾಗಿ ಹೇಳಿ. ಫೋನ್ ಸಂಖ್ಯೆ ಕೊಟ್ಟಿದ್ದರೆ, ಮನೆ ತಲುಪಿದ ಮೇಲೆ ಒಂದು ಕರೆ ಮಾಡಿ. ಆ ರಾತ್ರಿ ನಾವು ಮನೆ ಮುಟ್ಟಿದಾಗ ಹನ್ನೊಂದಾಗಿತ್ತು. ಲಾರಿಯ ಆ ಕ್ಲೀನರ್ ಹುಡುಗನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದ. "ಅಮ್ಮ ಹೇಗಿದ್ದಾರೆ ಅಣ್ಣಾ?" ಎಂದು ಕೇಳಿದ.